ಥರ್ಮಿಟ್ ಬೆಸುಗೆ: ಇತಿಹಾಸ

ಥರ್ಮಿಟ್ ಬೆಸುಗೆ: ಅಲ್ಯುಮಿನಿಯಂ ಮತ್ತು ಕಬ್ಬಿಣದ ಆಕ್ಸೈಡ್ ಪುಡಿಗಳ ಮಿಶ್ರಣವನ್ನು ಹೊತ್ತಿಸಿ, ಅದರಿಂದ ಹುಟ್ಟುವ ಕರಗಿದ ಉಕ್ಕನ್ನು ಎರಡು ಲೋಹದ ತುದಿಗಳ ನಡುವೆ ಎರಕ ಹೊಯ್ದು ಒಂದಾಗಿಸುವ ವಿಧಾನ. ರೈಲು ಹಳಿಗಳ ಜೋಡಣೆಯಲ್ಲಿ ಇದರ ಬಳಕೆ ಹೆಚ್ಚು. ವಿದ್ಯುತ್ತಾಗಲಿ ದೊಡ್ಡ ಯಂತ್ರವಾಗಲಿ ಬೇಕಿಲ್ಲವಾದ್ದರಿಂದ ಊರಿಂದ ದೂರದ ಹಳಿಯ ಮೇಲೂ ಈ ಕೆಲಸ ಮಾಡಬಹುದು.

ಆಮ್ಲಜನಕದ ಮೇಲೆ ಕಬ್ಬಿಣಕ್ಕಿಂತ ಅಲ್ಯುಮಿನಿಯಮ್ಮಿಗೆ ಸೆಳೆತ ಜಾಸ್ತಿ. ಅದು ಆಕ್ಸೈಡಿನಿಂದ ಆಮ್ಲಜನಕವನ್ನು ಕಿತ್ತುಕೊಂಡಾಗ ಕಬ್ಬಿಣ ಬಿಡುಗಡೆಯಾಗುತ್ತದೆ, ಜೊತೆಗೆ ಅಪಾರ ಶಾಖ ಹೊರಬೀಳುತ್ತದೆ. ತೂಕದ ಲೆಕ್ಕದಲ್ಲಿ 160 ಭಾಗ ಫೆರಿಕ್ ಆಕ್ಸೈಡಿಗೆ 54 ಭಾಗ ಅಲ್ಯುಮಿನಿಯಂ ಬೆರೆಸಿದರೆ 112 ಭಾಗ ಕಬ್ಬಿಣವೂ 102 ಭಾಗ ಅಲ್ಯುಮಿನವೂ (ಅಲ್ಯುಮಿನಿಯಂ ಆಕ್ಸೈಡ್) ದೊರೆಯುತ್ತವೆ. ಕಬ್ಬಿಣ 1538 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ; ಇಲ್ಲಿನ ಉಷ್ಣತೆ 2000 ಡಿಗ್ರಿಯನ್ನು ಎಷ್ಟೋ ಮೀರುತ್ತದೆ. ಹಾಗಾಗಿ ಎರಡೂ ಕರಗಿಯೇ ಇರುತ್ತವೆ: ಭಾರವಾದ ಲೋಹ ತಳಕ್ಕಿಳಿಯುತ್ತದೆ, ಹಗುರವಾದ ಕಿಟ್ಟ ಮೇಲೆ ತೇಲುತ್ತದೆ. ಬರಿಯ ಕಬ್ಬಿಣ ಹಳಿಗೆ ತೀರ ಮೆದು. ಆದ್ದರಿಂದ ಇಂಗಾಲ, ಮ್ಯಾಂಗನೀಸ್ ಮುಂತಾದವನ್ನು ಮಿಶ್ರಣದಲ್ಲೇ ಸೇರಿಸಿ ಉಕ್ಕಿನ ಗುಣ ಬರಿಸುತ್ತಾರೆ.

ಹೆಸರಿನಲ್ಲೇ ಗೊಂದಲವಿದೆ. ‘ಥರ್ಮಿಟ್’ ಜರ್ಮನಿಯ ಗೋಲ್ಡ್‌ಶ್ಮಿಟ್ ಕಂಪನಿಯ ವ್ಯಾಪಾರಿ ಹೆಸರು. ‘ಥರ್ಮೈಟ್’ ಅದರಿಂದ ಬಂದು ಇಂಥ ಎಲ್ಲ ಮಿಶ್ರಣಗಳಿಗೂ ಅಂಟಿಕೊಂಡ ಸಾಮಾನ್ಯ ಪದ. ಕನ್ನಡದಲ್ಲಿ ಎರಡೂ ರೂಪಗಳು ನಡೆಯುತ್ತವೆ. ಭಾರತೀಯ ರೈಲ್ವೆಯ ಹಳಿ ಕೆಲಸದವರು ಈ ಎರಡನ್ನೂ ಬಿಟ್ಟು ‘ಎ.ಟಿ. ವೆಲ್ಡಿಂಗ್’ ಎನ್ನುತ್ತಾರೆ, ಅದು ಅಲ್ಯುಮಿನೋ-ಥರ್ಮಿಕ್ ಎಂಬುದರ ಮೊಟಕು.

ಕಂಡುಹಿಡಿದವರು ಯಾರು ಎಂಬುದಕ್ಕೆ ಉತ್ತರ ಗ್ರಂಥದಿಂದ ಗ್ರಂಥಕ್ಕೆ ಬದಲಾಗುತ್ತದೆ. ಹೆಚ್ಚಿನವು ಜರ್ಮನಿಯ ರಸಾಯನ ವಿಜ್ಞಾನಿ ಹಾನ್ಸ್ ಗೋಲ್ಡ್‌ಶ್ಮಿಟ್‌ನನ್ನು (1861–1923) ಹೆಸರಿಸುತ್ತವೆ. ರಷ್ಯನ್ ಬರಹಗಳು ನಿಕೊಲಾಯ್ ಬೆಕೆಟೊವ್‌ನಿಂದ ಆರಂಭಿಸುತ್ತವೆ: ಖಾರ್ಕೊವ್‌ನಲ್ಲಿದ್ದ ಈತ ಅಲ್ಯುಮಿನಿಯಂ ಬೇರೆ ಲೋಹಗಳನ್ನು ಅವುಗಳ ಆಕ್ಸೈಡಿನಿಂದ ಹೊರದಬ್ಬುತ್ತದೆ ಎಂಬುದನ್ನು 1865ರ ಪ್ರಬಂಧದಲ್ಲಿ ತೋರಿಸಿದ್ದ. ಎರಡರಲ್ಲೂ ಸತ್ಯವಿದೆ. ಕ್ರಿಯೆ ಬೆಕೆಟೊವ್‌ಗೆ ತಿಳಿದಿತ್ತು. ಆದರೆ ಆಗ ಅಲ್ಯುಮಿನಿಯಂ ದುಬಾರಿ ಲೋಹ. ವಿದ್ಯುತ್ತಿನಿಂದ ಅದನ್ನು ಅಗ್ಗವಾಗಿ ತೆಗೆಯುವ ಹಾಲ್–ಹೆರೂ ವಿಧಾನ ಬಂದದ್ದು 1886ರಲ್ಲಿ.

ಗೋಲ್ಡ್‌ಶ್ಮಿಟ್‌ಗೆ ಬೆಸುಗೆ ಮೊದಲ ಗುರಿಯೇ ಆಗಿರಲಿಲ್ಲ. ಇಂಗಾಲದ ಸೋಂಕಿಲ್ಲದ ಕ್ರೋಮಿಯಂ, ಮ್ಯಾಂಗನೀಸ್ ತೆಗೆಯುವುದು ಅವನಿಗೆ ಬೇಕಿತ್ತು. ಅವನಿಗಿಂತ ಹಿಂದಿನವರು ಇಡೀ ಮಿಶ್ರಣವನ್ನು ಹೊರಗಿನಿಂದ ಕಾಯಿಸುತ್ತಿದ್ದರು. ಅದು ಒಮ್ಮೆಗೇ ಹೊತ್ತಿ ಸಿಡಿಯುತ್ತಿತ್ತು. ಈತ ತಣ್ಣನೆಯ ಮಿಶ್ರಣದ ಒಂದೇ ಬಿಂದುವಿನಲ್ಲಿ ಬೇರಿಯಂ ಪೆರಾಕ್ಸೈಡ್ ಸೇರಿದ ಕಿಡಿಪುಡಿ ಇಟ್ಟು ಹೊತ್ತಿಸಿದ. ಹುಲ್ಲಿನ ಮೆದೆಗೆ ಒಂದು ಅಂಚಿನಿಂದ ಬೆಂಕಿ ಹಬ್ಬಿದಂತೆ ಉರಿ ತಾನೇ ಮುಂದುವರಿಯಿತು. ನಿಜವಾದ ತಿರುವು ಇದು, ಕ್ರಿಯೆಯ ಶೋಧವಲ್ಲ. ಈ ವಿಧಾನ ಹುಟ್ಟಿದ ವರ್ಷವನ್ನು ಗ್ರಂಥಗಳು ಬೇರೆ ಬೇರೆಯಾಗಿ ಹೇಳುವುದಕ್ಕೂ ಕಾರಣ ಸರಳ: 1893 ಪ್ರಯೋಗಗಳ ಕಾಲ, 1895 ಪೇಟೆಂಟಿನದು, 1898 ಕ್ಲಾಡ್ ವೋಟಿನ್ ಜೊತೆ ಬರೆದ ಇಂಗ್ಲಿಷ್ ಲೇಖನದ್ದು. ಬರೆಯುವವರು ತಮಗೆ ಸಿಕ್ಕ ಒಂದನ್ನು ಹಿಡಿದುಕೊಂಡಿದ್ದಾರೆ.

1899ರಲ್ಲಿ ಎಸ್ಸೆನ್ ನಗರದ ಟ್ರಾಮ್ ಹಳಿಗಳನ್ನು ಈ ವಿಧಾನದಿಂದ ಬೆಸೆದರು. ಆರಂಭದ ವರ್ಷಗಳ ಎಲ್ಲ ಥರ್ಮಿಟ್ ಬೆಸುಗೆಯೂ ಇಂದಿನಂಥದ್ದಲ್ಲ ಎಂಬುದನ್ನು ಹಲವು ಬರಹಗಳು ಹೇಳದೆ ಬಿಡುತ್ತವೆ. ಒಂದು ಬಗೆಯಲ್ಲಿ ಮಿಶ್ರಣ ಬರಿಯ ಶಾಖದ ಮೂಲ: ಮೂಸೆಯನ್ನು ಬಾಗಿಸಿ ಸುರಿದಾಗ ಮೊದಲು ಇಳಿದ ಕಿಟ್ಟ ಲೋಹಕ್ಕೆ ಪದರವಾಗಿ ಮೆತ್ತಿಕೊಳ್ಳುತ್ತಿತ್ತು, ಹಿಂದೆ ಬಂದ ಉಕ್ಕು ಅಂಟುತ್ತಿರಲಿಲ್ಲ, ಕಾದು ಮೆತ್ತಗಾದ ತುದಿಗಳನ್ನು ಒತ್ತಿ ಕೂಡಿಸುತ್ತಿದ್ದರು. ಮೂಸೆಯ ತಳದ ತೂತಿನಿಂದ ಉಕ್ಕನ್ನೇ ಮೊದಲು ಇಳಿಸುವುದು ಇನ್ನೊಂದು ಬಗೆ. ಉಳಿದುಕೊಂಡದ್ದು ಇದೇ.

1938ರಲ್ಲಿ ಅಮೆರಿಕದ ಚಾರ್ಲ್ಸ್ ಕ್ಯಾಡ್‌ವೆಲ್ ಕಬ್ಬಿಣದ ಆಕ್ಸೈಡಿನ ಜಾಗದಲ್ಲಿ ತಾಮ್ರದ ಆಕ್ಸೈಡ್ ಬಳಸಿ, ಸಿಗ್ನಲ್ ತಂತಿಗಳನ್ನು ಹಳಿಗೆ ಬೆಸೆಯುವ ದಾರಿ ತೆರೆದ. ಕಟ್ಟಡಗಳ ಅರ್ಥಿಂಗ್ ತಂತಿಗಳನ್ನು ಇಂದಿಗೂ ಹೀಗೆ ಕೂಡಿಸುತ್ತಾರೆ.

ಭಾರತದಲ್ಲಿ ಹಳಿಗಳು ಹಿಂದೆ 13 ಮೀಟರಿನ ತುಂಡುಗಳಾಗಿ ಬರುತ್ತಿದ್ದವು. ರೈಲಿನ ಕಟಕಟ ಸದ್ದು ಆ ತುಂಡುಗಳ ನಡುವಿನ ಸಂದುಗಳದ್ದು. ಈಗ ಕಾರ್ಖಾನೆಯಲ್ಲಿ ಫ್ಲಾಷ್ ಬಟ್ ವಿಧಾನದಿಂದ (ತುದಿಗಳನ್ನು ವಿದ್ಯುತ್ತಿನಿಂದ ಕಾಯಿಸಿ ಒತ್ತಿ) ಬೆಸೆದ 260 ಮೀಟರಿನ ಪಟ್ಟಿಗಳು ಬರುತ್ತವೆ. ಅವನ್ನು ಸ್ಥಳದಲ್ಲಿ ಕೂಡಿಸಲು ಮತ್ತು ಒಡೆದ ಹಳಿಯನ್ನು ಸರಿಪಡಿಸಲು ಎ.ಟಿ. ಬೆಸುಗೆ ಬಳಸುತ್ತಾರೆ. ತುದಿಗಳ ನಡುವೆ ಸುಮಾರು 25 ಮಿಲಿಮೀಟರ್ ಸಂದು ಬಿಟ್ಟು, ಮರಳಿನ ಅಚ್ಚು ಕೂರಿಸಿ, ಬಿರುಕುಗಳಿಗೆ ಹಸಿ ಮರಳು ಮೆತ್ತಿ, ಬರ್ನರ್‌ನಿಂದ ಹಳಿಯ ತುದಿ ಕೆಂಪಗಾಗುವಷ್ಟು ಕಾಯಿಸುತ್ತಾರೆ. ಮೇಲಿನ ಮೂಸೆಯಲ್ಲಿ ಮಿಶ್ರಣ ಹೊತ್ತಿಸಿದ ಕೆಲವೇ ಕ್ಷಣಗಳಲ್ಲಿ ಕ್ರಿಯೆ ಮುಗಿಯುತ್ತದೆ; ತಳದ ಬಿರಡೆ ಕರಗಿ ಉಕ್ಕು ಅಚ್ಚಿಗಿಳಿಯುತ್ತದೆ. ಮಿಶ್ರಣಕ್ಕೆ ತೇವ ತಗುಲಿದ್ದರೆ ಬೆಸುಗೆಯಲ್ಲಿ ರಂಧ್ರ ಉಳಿಯುತ್ತದೆ. ಹೆಚ್ಚುವರಿ ಲೋಹವನ್ನು ಬಿಸಿಯಿರುವಾಗಲೇ ಕತ್ತರಿಸಿ, ತಣಿದ ಮೇಲೆ ಉಜ್ಜಿ ನಯಮಾಡಿ, ಅಲ್ಟ್ರಾಸಾನಿಕ್ ಅಲೆಗಳಿಂದ ಪರೀಕ್ಷಿಸುತ್ತಾರೆ. ಕಾರ್ಖಾನೆಯ ಬೆಸುಗೆಗಿಂತ ಇದು ದುರ್ಬಲ. ಮುರಿದರೂ ಹಳಿ ಬೇರಾಗದಿರಲೆಂದು ಪಕ್ಕದಲ್ಲಿ ಉಬ್ಬಿರುವ ಫಿಶ್‌ಪ್ಲೇಟ್ ಎಂಬ ಉಕ್ಕಿನ ಪಟ್ಟಿ ತೊಡಿಸುವ ರೂಢಿಯೂ ಇದೆ. ಉಕ್ಕು ಅಚ್ಚಿಗಿಳಿದ ಬಳಿಕ ಕನಿಷ್ಠ 30 ನಿಮಿಷ ಅದರ ಮೇಲೆ ರೈಲು ಬಿಡುವುದಿಲ್ಲ.