ಬೇಸ್‌ಬಾಲ್ ವಿನಿಮಯಗಳಲ್ಲಿ ವೇತನಭಾರ

ಬೇಸ್‌ಬಾಲ್ ಕ್ಲಬ್ಬುಗಳ ಆಡಳಿತವನ್ನು ಅನುಕರಿಸುವ ಗಣಕಯಂತ್ರದ ಆಟಗಳಲ್ಲಿ, 1999ರಲ್ಲಿ ಮೊದಲು ಹೊರಬಂದ ‘ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್’ ಪ್ರಸಿದ್ಧವಾದುದು. ಅದರ ಈಚಿನ ಆವೃತ್ತಿಗಳಲ್ಲಿ, ಆಟಗಾರನೊಬ್ಬನನ್ನು ವಿನಿಮಯವಾಗಿ ಬಿಟ್ಟುಕೊಡುವ ಕ್ಲಬ್ಬು ಅವನ ಮುಂದಿನ ವೇತನದಲ್ಲಿ ಒಂದು ಪಾಲನ್ನು ತಾನೇ ಹೊತ್ತುಕೊಳ್ಳಬಹುದು. ತನ್ನಲ್ಲಿ ದುಡಿಯದವನಿಗೆ ಸಂಬಳ ತೆರುವ ಈ ವಿಚಿತ್ರ ಪದ್ಧತಿ ಎಲ್ಲಿಂದ ಬಂದಿತೆಂಬುದು ಚರಿತ್ರೆಯ ವಿದ್ಯಾರ್ಥಿಗಳು ವಿಚಾರಿಸತಕ್ಕ ವಿಷಯವಾಗಿದೆ.

ಹಿಂದೆ ಹಣ ಹರಿಯುತ್ತಿದ್ದ ದಿಕ್ಕೇ ಬೇರೆ. 1879ರಲ್ಲಿ ಅಮೆರಿಕದ ನ್ಯಾಷನಲ್ ಲೀಗಿನ ಮಾಲಿಕರು ತಮ್ಮ ಕೆಲವು ಆಟಗಾರರನ್ನು ತಮಗೇ ಕಾಯ್ದಿರಿಸಿಕೊಳ್ಳುವ ಒಪ್ಪಂದ ಮಾಡಿಕೊಂಡರು. ಕ್ರಮೇಣ ಈ ನಿಬಂಧನೆಯು ಎಲ್ಲ ಆಟಗಾರರಿಗೂ ವ್ಯಾಪಿಸಿತು. ಕರಾರಿನ ಅವಧಿ ಮುಗಿದರೂ ಆಟಗಾರನು ಸ್ವೇಚ್ಛೆಯಿಂದ ಬೇರೆಡೆಗೆ ಹೋಗಲಾರದಂತಾಯಿತು. ಅವನ ಬೆಲೆಯು ಮಾಲಿಕನ ಸ್ವತ್ತಾಯಿತು. 1919ರ ಡಿಸೆಂಬರಿನಲ್ಲಿ ಬೋಸ್ಟನ್ ಕ್ಲಬ್ಬು ಬೇಬ್ ರೂತನನ್ನು ನ್ಯೂಯಾರ್ಕ್ ಯಾಂಕೀಸಿಗೆ ಮಾರಿದಾಗ, ಕೊಂಡವರು ಮಾರಿದವರಿಗೆ ಒಂದು ಲಕ್ಷ ಡಾಲರು ಸಲ್ಲಿಸತಕ್ಕದ್ದೆಂದು ನಿಶ್ಚಯವಾಯಿತು.

1969ರಲ್ಲಿ ಕರ್ಟ್ ಫ್ಲಡ್ ಎಂಬ ಆಟಗಾರನು ತನ್ನನ್ನು ಸೇಂಟ್ ಲೂಯಿಸಿನಿಂದ ಫಿಲಡೆಲ್ಫಿಯಕ್ಕೆ ಕಳುಹಿಸಿದ ವಿನಿಮಯಕ್ಕೆ ಒಪ್ಪಲಿಲ್ಲ. ಮುಂದಿನ ವರ್ಷ ಅವನು ಹೂಡಿದ ದಾವೆಯು 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಆದರೆ 1975ರ ಡಿಸೆಂಬರಿನಲ್ಲಿ ಬೇರೆ ಇಬ್ಬರು ಆಟಗಾರರ ವಿಷಯದಲ್ಲಿ ಮಧ್ಯಸ್ಥ ಪೀಟರ್ ಸೈಟ್ಸ್ ಇತ್ತ ತೀರ್ಪು ಆ ಕಟ್ಟನ್ನು ಕಳಚಿತು. ಅನಂತರ ದೀರ್ಘಾವಧಿಯ, ಖಾತರಿಯ ಕರಾರುಗಳು ಬಳಕೆಗೆ ಬಂದವು. ಮಾರಲು ಬರುತ್ತಿದ್ದ ಸ್ವತ್ತು ಕೆಲವೊಮ್ಮೆ ತೀರಿಸಬೇಕಾದ ಸಾಲವಾಯಿತು.

ಅಲೆಕ್ಸ್ ರಾಡ್ರಿಗಸ್ಸನ ಪ್ರಕರಣದಲ್ಲಿ ಈ ಮಾರ್ಪಾಟು ಸ್ಫುಟವಾಗಿ ಕಾಣುತ್ತದೆ. 2000ದಲ್ಲಿ ಟೆಕ್ಸಸ್ ಕ್ಲಬ್ಬು ಅವನೊಡನೆ ಹತ್ತು ವರ್ಷಕ್ಕೆ 25 ಕೋಟಿ 20 ಲಕ್ಷ ಡಾಲರುಗಳ ಕರಾರು ಮಾಡಿಕೊಂಡಿತು. 2003ರಲ್ಲಿ ಆ ಮೊತ್ತವನ್ನೇ ತಗ್ಗಿಸಿ ಅವನನ್ನು ಬೋಸ್ಟನ್ನಿಗೆ ಕೊಡುವ ಏರ್ಪಾಟು ನಡೆಯಿತು. ರಾಡ್ರಿಗಸ್ಸನು ಸಮ್ಮತಿಸಿದರೂ ಆಟಗಾರರ ಸಂಘ ಸಮ್ಮತಿಸಲಿಲ್ಲ. 2004ರ ಫೆಬ್ರವರಿಯಲ್ಲಿ ಅವನು ಯಾಂಕೀಸಿಗೆ ಹೋದಾಗ, ಉಳಿದಿದ್ದ 17 ಕೋಟಿ 90 ಲಕ್ಷದಲ್ಲಿ 6 ಕೋಟಿ 70 ಲಕ್ಷ ಡಾಲರುಗಳನ್ನು ಟೆಕ್ಸಸ್ ತೆರಲು ಒಪ್ಪಿತು. ರೂತನ ಕಾಲದಲ್ಲಿ ಕೊಂಡವನು ತೆತ್ತನು. ಇಲ್ಲಿ ಬಿಟ್ಟುಕೊಟ್ಟವನೇ ತೆತ್ತನು.

ಎರಡು ಏರ್ಪಾಟುಗಳಿಗೂ ಇರುವ ಅಂತರವನ್ನು ನಾವು ಗಮನಿಸಬೇಕು. ಮೊದಲನೆಯದು ವೇತನವನ್ನೇ ಕುಗ್ಗಿಸುತ್ತಿತ್ತು. ಎರಡನೆಯದು ವೇತನವನ್ನು ಅಖಂಡವಾಗಿ ಉಳಿಸಿ, ತೆರುವ ಕೈಗಳನ್ನು ಮಾತ್ರ ಹಂಚಿತು. ಆದುದರಿಂದ ವೇತನಭಾರವನ್ನು ಹೊರುವುದು ಕ್ಲಬ್ಬಿನ ಔದಾರ್ಯವಲ್ಲ; ಕೊಟ್ಟ ಮಾತನ್ನು ಮುರಿಯಲಾಗದ ಮಾಲಿಕನು ಕಂಡುಕೊಂಡ ದಾರಿ. ಗಣಕಯಂತ್ರದ ಆಟದಲ್ಲಿ ಅದು ತೆರೆಯ ಮೇಲಿನ ಒಂದು ಅಂಕಿ ಮಾತ್ರ. ಆ ಅಂಕಿಯ ಹಿಂದೆ ಸುಮಾರು ನೂರು ವರ್ಷಗಳ ಕಟ್ಟೂ ಅದನ್ನು ಬಿಡಿಸಹೊರಟು ಸೋತವನ ಹೋರಾಟವೂ ಇವೆಯೆಂಬುದನ್ನು ನಾವು ಮರೆಯಲಾಗದು.