ಅಶು ಇದ್ದ ಬಂದರು

ಹಾರನಹಳ್ಳಿಯವರಿಗೆ ಸಮುದ್ರವೆಂದರೆ ಧರ್ಮಸ್ಥಳಕ್ಕೆ ಹೋದಾಗ, ಬಿಡುವಿದ್ದರೆ ನೋಡಿಕೊಂಡು ಬರುವಂಥದ್ದು. ನಾನೂ ಮಂಗಳೂರನ್ನು ಹಾಗೆಯೇ ಎರಡು ಸಲ ನೋಡಿದ್ದೆ. ಈ ಸಲ ಓರಗಿತ್ತಿಯನ್ನು ಕರೆದುಕೊಂಡು ಶಿರಾಡಿ ಘಾಟಿ ಇಳಿದದ್ದು ಒಬ್ಬ ಹೆಂಗಸಿನ ಸಲುವಾಗಿ. ಅವಳು ತೀರಿಕೊಂಡು ಎಂಟುನೂರು ವರ್ಷಕ್ಕೂ ಮೇಲಾಗಿದೆ.

ಹೆಸರು ಅಶು. ಟ್ಯುನೀಸಿಯದ ಕಡೆಯ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಮನೆ ಮಾಡಿಕೊಂಡಿದ್ದ. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಏಡನ್ನಿಗೆ ಹೋಗುತ್ತಿದ್ದವು. ಅಲ್ಲಿಂದ ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆಯನ್ನೂ ಇಟ್ಟಿದ್ದ. ಇದೆಲ್ಲ ತಿಳಿದದ್ದು ಕೈರೋದ ಹಳೆಯ ಯಹೂದಿ ಮಂದಿರದಲ್ಲಿ ರಾಶಿ ಬಿದ್ದಿದ್ದ ಕಾಗದಗಳಿಂದ. ದೇವರ ಹೆಸರಿರಬಹುದಾದ ಬರಹವನ್ನು ಎಸೆಯಬಾರದೆಂಬುದು ಅವರ ಪದ್ಧತಿ. ಗೊಯ್ಟೈನ್ ಎಂಬ ವಿದ್ವಾಂಸರು ಅವನ್ನು ಓದಿ ಜೋಡಿಸಿದರು. ಅಮಿತಾವ್ ಘೋಷ್ 1992ರಲ್ಲಿ ಪುಸ್ತಕವನ್ನೇ ಬರೆದರು.

1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯಿಜು ತನ್ನ ದಾಸಿ ಅಶುವನ್ನು ಬಿಡುಗಡೆ ಮಾಡಿ ಪತ್ರ ಬರೆದುಕೊಟ್ಟ. ಬೆರಾಖಾ ಎಂದು ಹೊಸ ಹೆಸರಾಯಿತು, ಆಶೀರ್ವಾದ ಎಂದರ್ಥ. ಅವನ ಮಕ್ಕಳ ತಾಯಿ ಇವಳೇ ಎಂದು ವಿದ್ವಾಂಸರ ಅಭಿಪ್ರಾಯ.

ಆ ತಾರೀಖು ಓದಿ ನಾನು ಪುಸ್ತಕ ಮಡಿಸಿಟ್ಟೆ. 1131, ಶಿವಗಂಗೆಯಲ್ಲಿ ಶಾಂತಲೆ ತೀರಿಕೊಂಡ ವರ್ಷ. ಪಾಠ ಮಾಡಿ ಮಾಡಿ ನನಗೆ ಬಾಯಿಪಾಠ. ಮರುವರ್ಷವೇ ಈ ಪತ್ರ! ಬೇಲೂರಿನ ಗುಡಿಯಾಗಿ ಆಗ ಹದಿನೈದು ವರ್ಷ. ನಮ್ಮೂರಿನ ಚೆನ್ನಕೇಶವ, ಸೋಮೇಶ್ವರ ಗುಡಿಗಳನ್ನು ಇನ್ನೂ ಕಟ್ಟಿರಲಿಲ್ಲ. ಶಾಂತಲೆಯ ನಾಟ್ಯ, ದಾನಧರ್ಮ ಎಲ್ಲವನ್ನೂ ಮಕ್ಕಳಿಗೆ ಹೇಳಿದ್ದೇನೆ. ಅದೇ ದಿನಗಳಲ್ಲಿ ಹೆಂಗಸರನ್ನು ಕೊಂಡು ಮಾರುವುದೂ ನಡೆದಿತ್ತೆಂದು ಒಮ್ಮೆಯೂ ಹೇಳಿಲ್ಲ.

ಬೆಳಿಗ್ಗೆ ಬಂದರಿನ ದಕ್ಕೆಗೆ ಹೋದೆವು. ದೋಣಿಗಳಿಂದ ಬಂಗುಡೆ, ಭೂತಾಯಿ ಬುಟ್ಟಿಬುಟ್ಟಿಯಾಗಿ ಇಳಿಯುತ್ತಿದ್ದವು. ಓರಗಿತ್ತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮೀನು ಮಾರುವಾಕೆ, "ಎಂತ ಅಕ್ಕ, ಮೀನು ತಿನ್ನುದಿಲ್ವಾ ನೀವು?" ಎಂದು ನಕ್ಕಳು. ಸಂಜೆ ಸುಲ್ತಾನ್ ಬತ್ತೇರಿಯ ಬಳಿ ದೋಣಿ ಹತ್ತಿ, ಗುರುಪುರ ನದಿ ದಾಟಿ ತಣ್ಣೀರುಬಾವಿಯ ಮರಳಿಗೆ ಇಳಿದೆವು. ಕಾಲ ಸಪ್ಪಳಕ್ಕೆ ಸಣ್ಣ ಏಡಿಗಳು ಬಿಲ ಸೇರುತ್ತಿದ್ದವು.

1149ರಲ್ಲಿ ಬೆನ್ ಯಿಜು ಮಗ, ಮಗಳನ್ನು ಕರೆದುಕೊಂಡು ಏಡನ್ನಿಗೆ ಹೊರಟುಹೋದ. ಅಶು ಇಲ್ಲೇ ಉಳಿದಳೆಂದು ತೋರುತ್ತದೆ.

"ಮಕ್ಕಳು ಹೋದ ಮೇಲೆ ಏನು ಮಾಡಿದಳಂತೆ?" ಎಂದು ಓರಗಿತ್ತಿ ಕೇಳಿದಳು.

"ಕಾಗದದಲ್ಲಿ ಇಲ್ಲ."

ಊರಿಗೆ ಬಂದು ತರಗತಿಯಲ್ಲಿ 1131ರ ಕೆಳಗೆ 1132 ಎಂದೂ ಬರೆದು ಅಶುವಿನ ಕಥೆ ಹೇಳಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, "ಪರೀಕ್ಷೆಗೆ ಬರುತ್ತಾ ಮಿಸ್?" ಎಂದಳು.

"ಬರಲ್ಲ, ಬರ್ಕೋ" ಎಂದೆ.