ಗುಲಾಬಿ ಬಣ್ಣದ ಗ್ರಾಫಿಕ್ಸ್

ಬಜೆಟ್ ದಿನ ನಮ್ಮ ಸ್ಟುಡಿಯೋ ಹೇಗಿರುತ್ತೆ ಅಂತ ನೀವು ನೋಡಿಯೇ ಇರ್ತೀರಿ. ರೈತರಿಗೆ ಏನು, ಯುವಕರಿಗೆ ಏನು, ಯಾವುದು ಅಗ್ಗ, ಯಾವುದು ದುಬಾರಿ. ಕೊನೆಗೆ ಗುಲಾಬಿ ಬಣ್ಣದ ಒಂದು ಗ್ರಾಫಿಕ್ಸ್: 'ಮಹಿಳೆಯರಿಗೆ ಸಿಕ್ಕಿದ್ದೇನು?' ಮೂರ್ನಾಲ್ಕು ಯೋಜನೆ, ಒಂದಷ್ಟು ಕೋಟಿ, ಆಮೇಲೆ ಬ್ರೇಕ್. ವರ್ಷಗಟ್ಟಲೆ ನಾನೇ ಅದನ್ನು ಓದಿದ್ದೇನೆ. ಅಲ್ಲ, ಹೆಂಗಸರು ರೈತರಲ್ವಾ? ಅವರು ತೆರಿಗೆ ಕಟ್ಟಲ್ವಾ? ಈ ಪ್ರಶ್ನೆ ನನಗೆ ಹೊಳೆದದ್ದು ಬಹಳ ತಡವಾಗಿ.

1984ರಲ್ಲೇ ಒಂದು ಸರ್ಕಾರ ಇದನ್ನು ಕೇಳಿತ್ತು. ಆಸ್ಟ್ರೇಲಿಯಾದಲ್ಲಿ ಬಾಬ್ ಹಾಕ್ ಪ್ರಧಾನಿಯಾಗಿದ್ದ ಕಾಲ. ಇಲಾಖೆಗಳಿಗೆ ಸೂಚನೆ ಹೋಯಿತು: ನಿಮ್ಮ ಖರ್ಚು, ನಿಮ್ಮ ನೀತಿ ಹೆಂಗಸರ ಬದುಕಿನ ಮೇಲೆ ಏನು ಪರಿಣಾಮ ಮಾಡುತ್ತೆ, ಬರೆದು ಕೊಡಿ. ಗಮನಿಸಿ, 'ಮಹಿಳೆಯರಿಗೆ ಎಷ್ಟು ಕೊಟ್ಟಿರಿ' ಅಂತ ಕೇಳಲಿಲ್ಲ.

ಆ ಕೆಲಸದಲ್ಲಿದ್ದ ಅರ್ಥಶಾಸ್ತ್ರಜ್ಞೆ ರೋಂಡಾ ಶಾರ್ಪ್ ಸರ್ಕಾರಿ ಖರ್ಚನ್ನು ಮೂರು ಗಂಟು ಕಟ್ಟಿದರು. ಮಹಿಳೆಯರಿಗೆಂದೇ ಇರುವ ಯೋಜನೆಗಳದ್ದು ಒಂದು. ಸರ್ಕಾರಿ ನೌಕರಿಯೊಳಗೆ ಸಮಾನ ಅವಕಾಶ ತರೋಕೆ ಮಾಡುವ ಖರ್ಚು ಇನ್ನೊಂದು. ಉಳಿದದ್ದೆಲ್ಲ ಮೂರನೆಯದು. ದಕ್ಷಿಣ ಆಸ್ಟ್ರೇಲಿಯಾ ರಾಜ್ಯದಲ್ಲಿ ಲೆಕ್ಕ ಹಾಕಿ ನೋಡಿದರೆ ಮೊದಲ ಗಂಟಿನಲ್ಲಿ ಇದ್ದದ್ದು ಶೇ. 1ಕ್ಕಿಂತ ಕಡಿಮೆ! ದುಡ್ಡೆಲ್ಲ ಆ ಮೂರನೇ ಗಂಟಿನಲ್ಲಿ. ರಸ್ತೆ, ಕೈಗಾರಿಕೆ, ಆಸ್ಪತ್ರೆ. ಅಂದ್ರೆ ಗುಲಾಬಿ ಗ್ರಾಫಿಕ್ಸ್ ಓದುತ್ತಾ ನಾನು ಇಷ್ಟು ವರ್ಷ ಚಿಲ್ಲರೆ ಎಣಿಸಿದ್ದೆ.

ಈ ಪ್ರಶ್ನೆ ಕೇಳಿದವರಿಗೆ ಎಲ್ಲ ಕಡೆ ಹಾರ ಹಾಕಲಿಲ್ಲ. ವರ್ಣಭೇದ ಕೊನೆಗೊಂಡ ದಕ್ಷಿಣ ಆಫ್ರಿಕಾದಲ್ಲಿ 1995ರ ಹೊತ್ತಿಗೆ ಸಂಸದೆಯರು, ಸ್ವಯಂಸೇವಾ ಸಂಘಟನೆಗಳು ಸೇರಿ ಮಹಿಳಾ ಬಜೆಟ್ ಕೆಲಸ ಶುರು ಮಾಡಿದರು. ಅದರಲ್ಲಿ ಮುಂದೆ ನಿಂತವರು ಪ್ರೆಗ್ಸ್ ಗೋವೆಂಡರ್, ಆಡಳಿತ ಪಕ್ಷದವರೇ. ಸರ್ಕಾರ ಕೋಟಿಗಟ್ಟಲೆ ಕೊಟ್ಟು ಯುದ್ಧವಿಮಾನ, ಜಲಾಂತರ್ಗಾಮಿ ಕೊಳ್ಳಲು ಹೊರಟಾಗ 2001ರಲ್ಲಿ ರಕ್ಷಣಾ ಬಜೆಟ್ ಮತಕ್ಕೆ ಬಂತು. ತಮ್ಮ ಪಕ್ಷದಿಂದ ವಿರೋಧ ದಾಖಲಿಸಿದ್ದು ಆಕೆ ಒಬ್ಬರೇ. ಮರುವರ್ಷ ಸಂಸತ್ತಿಗೆ ರಾಜೀನಾಮೆ. ಮಹಿಳಾ ಬಜೆಟ್ ಅಂದ್ರೆ ಹೊಲಿಗೆ ಯಂತ್ರ ಹಂಚೋದು ಅಂದುಕೊಂಡವರಿಗೆ ಜಲಾಂತರ್ಗಾಮಿಯ ಉಸಾಬರಿ ಯಾಕೆ ಅನ್ನಿಸೀತು. ಅದೂ ಮೂರನೇ ಗಂಟೇ ಅಲ್ವಾ?

ಇನ್ನು ನಮ್ಮ ದೇಶಕ್ಕೆ ಬರೋಣ. 2005-06ರಲ್ಲಿ ಹಣಕಾಸು ಸಚಿವ ಚಿದಂಬರಂ ಮೊದಲ ಸಲ ಲಿಂಗಾಧಾರಿತ ಬಜೆಟ್ ವಿವರಪಟ್ಟಿ ಮಂಡಿಸಿದರು. ನಮ್ಮ ಪಟ್ಟಿಗೆ ಮುಖ್ಯವಾಗಿ ಎರಡು ಭಾಗ. ಪೂರ್ತಿ ಹಣ ಮಹಿಳೆಯರಿಗೇ ಮೀಸಲಾದ ಯೋಜನೆಗಳು 'ಎ'. ಕನಿಷ್ಠ ಶೇ. 30 ಪಾಲು ಇರುವವು 'ಬಿ'. ಶೇ. 30ಕ್ಕಿಂತ ಕಡಿಮೆ ಇರುವುದಕ್ಕೆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. 'ಸಿ' ಭಾಗ ಸೇರಿದ್ದು ಈಚೆಗೆ. 2025-26ರಲ್ಲಿ ಒಟ್ಟು ಮೊತ್ತ 4.49 ಲಕ್ಷ ಕೋಟಿ ರೂಪಾಯಿ, ಕೇಂದ್ರ ಬಜೆಟ್ಟಿನ ಶೇ. 8.86.

ದೊಡ್ಡ ಮೊತ್ತ. ಆದರೆ ಒಳಗೆ ಏನಿದೆ ನೋಡಿ. ಗ್ರಾಮೀಣ ಆವಾಸ್ ಮನೆಗಳ ಹಣ 'ಎ' ಭಾಗದಲ್ಲಿ ದೊಡ್ಡ ಪಾಲು ಹಿಡಿದಿದೆ. ಕಾರಣ, ಮನೆ ಹೆಂಡತಿಯ ಹೆಸರಲ್ಲೋ, ಗಂಡ-ಹೆಂಡತಿ ಜಂಟಿ ಹೆಸರಲ್ಲೋ ಇರಬೇಕು ಅನ್ನೋ ನಿಯಮ. ಪತ್ರದಲ್ಲಿ ಹೆಂಗಸಿನ ಹೆಸರು ಬರೋದು ಸಣ್ಣ ಮಾತಲ್ಲ, ಒಪ್ಪೋಣ. ಆದರೆ ಆ ಮನೆಯಲ್ಲಿ ಗಂಡನೂ ಮಲಗ್ತಾನೆ, ಮಾವನೂ ಮಲಗ್ತಾನೆ. ಲೆಕ್ಕದಲ್ಲಿ ಮಾತ್ರ ಇಟ್ಟಿಗೆ, ಸಿಮೆಂಟು ಎಲ್ಲಾ ನೂರಕ್ಕೆ ನೂರು ಆಕೆಯದ್ದೇ! ಪರಿಣಾಮ ಕೇಳಬೇಕಾಗಿದ್ದ ಪಟ್ಟಿ ಬರೀ ಕೂಡುವ ಲೆಕ್ಕ ಆಗಿಬಿಟ್ಟಿದೆ.

ಕರ್ನಾಟಕವೂ 2007ರಲ್ಲಿ ಹಣಕಾಸು ಇಲಾಖೆಯೊಳಗೆ ಇದಕ್ಕೆಂದು ಒಂದು ಕೋಶ ಮಾಡಿತು. ನಮ್ಮಲ್ಲೂ ಅದೇ ಎ, ಬಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಟಿಕೆಟ್ ಇಲ್ಲ. ಪರ, ವಿರೋಧ ಚರ್ಚೆ ನಾನೂ ಎಷ್ಟೋ ನಡೆಸಿದೆ. ಬಸ್ಸೇ ಬಾರದ ಊರಿನ ಹೆಣ್ಣುಮಗಳಿಗೆ ಸೊನ್ನೆ ಟಿಕೆಟ್ ಇದ್ದು ಏನು ಬಂತು ಅಂತ ಒಂದು ಸಲವೂ ಕೇಳಲಿಲ್ಲ. ಯಾವ ಊರಿಗೆ ಎಷ್ಟು ಹೊತ್ತಿಗೆ ಬಸ್ಸು, ಕತ್ತಲಾದ ಮೇಲೆ ನಿಲ್ದಾಣದಲ್ಲಿ ದೀಪ ಉರಿಯುತ್ತಾ, ಇದನ್ನು ಯಾವ ಗುಲಾಬಿ ಪಟ್ಟಿಯೂ ಹೇಳಲ್ಲ.

ಕಳೆದ ಬಜೆಟ್ಟಿನ ಹಿಂದಿನ ರಾತ್ರಿ ಗ್ರಾಫಿಕ್ಸ್ ಮಾಡುವ ಹುಡುಗನಿಗೆ ಹೇಳಿದೆ, 'ಆ ಗುಲಾಬಿದು ಬೇಡಪ್ಪ. ಸಾರಿಗೆ, ನೀರಾವರಿ, ಇಂಧನ, ಪ್ರತಿಯೊಂದರ ಕೆಳಗೂ ಹೆಂಗಸರಿಗೆ ಏನು ಅಂತ ಒಂದು ಸಾಲು ಹಾಕು.'

ಅವನು ತಲೆ ಕೆರೆದುಕೊಂಡ. 'ಹಾಕ್ತೀನಿ ಸಾರ್. ಆ ಸಾಲಿನಲ್ಲಿ ಏನು ಬರೀಲಿ?'

ಇಲಾಖೆಗಳ ಪುಸ್ತಕ ತೆಗೆದು ಮಧ್ಯರಾತ್ರಿವರೆಗೆ ಹುಡುಕಿದೆವು. ಸಾರಿಗೆಯ ಕೆಳಗೆ ಅರ್ಧ ಸಾಲು ತುಂಬಿತು. ಉಳಿದವನ್ನು ಖಾಲಿ ಬಿಟ್ಟೇ ಮರುದಿನ ತೆರೆಯ ಮೇಲೆ ತೋರಿಸಿದೆ.